ಹಳ್ಳದ ಕಡೆಯ ಗೋಡೆ

“ಏ ಹಲ್ಕಟ್ ರಂಡಿ, ಕಲ್ಲಿಗಿ ಕಿವಿ ಹಚ್ಚಿ ಏನ್ ಕೇಳ್ಲಿಕತ್ತಿ? ನಿಮ್ಮಪ್ಪ ಒಳಗಿಂದ ಕರೀಲಿಕತ್ತಾನೇನು?”

ಖಣಿಯ ಮಾಲಕ ಸಿದ್ದಲಿಂಗೇಶ ದಂಡೆಯ ಮೇಲೆ ನಿಂತು ಕೂಗಿದ. ಕೆಳಗೆ, ಮೂರಾಳು ಆಳದಲ್ಲಿ, ಲಾಲಮ್ಮ ಸುತ್ತಿಗೆ ಇಳಿಸಲಿಲ್ಲ. ಇಪ್ಪತ್ತು ವರ್ಷ ಶಹಾಬಾದಿನ ಫರ್ಸಿ ಕಲ್ಲು ಎಬ್ಬಿಸಿದ ಕೈ ಅದು. ಗಟ್ಟಿ ಪದರು ಬಡಿದರೆ ಖಣ್ ಅನ್ನಬೇಕು. ಹಳ್ಳದ ಕಡೆಯ ಗೋಡೆ ನಿನ್ನೆಯವರೆಗೂ ಹಾಗೇ ಅಂದಿತ್ತು. ಇವತ್ತು ಬದ್ ಅಂದಿತು. ಇನ್ನೊಂದು ಕಡೆ ಬಡಿದಳು. ಅಲ್ಲೂ ಬದ್.

“ಮಾಲಕ್ರಿ, ಗ್ವಾಡಿ ಹಿಂದ ನೀರ್ ನಿಂತದರಿ. ಮಂದೀನ ಮ್ಯಾಲ ಕರೀರಿ.”

“ಆಕಾಶದಾಗ ಒಂದ್ ಮೋಡ ಇಲ್ಲ, ಎಲ್ಲಿ ನೀರ?”

“ಚಿಂಚೋಳಿ ಕಡಿ ಎರಡ್ ದಿನ ಭಾಳ ಹೊಡದದರಿ. ಕಾಗಿಣಾ ಹೊಳಿ ತುಂಬಿದ್ರ ಹಳ್ಳ ಹಿಂದಕ್ಕ ಹರೀತದ, ಗೊತ್ತಿಲ್ಲೇನ್ರಿ?”

ಗೊತ್ತಿಲ್ಲದೆ ಏನು? ಆ ಹಳ್ಳಕ್ಕೇ ಖಣಿಯ ರದ್ದಿ ಕಲ್ಲು ಸುರಿಸಿ, ಅರ್ಧ ನುಂಗಿ ಲಾರಿಗೆ ದಾರಿ ಮಾಡಿಕೊಂಡ ಮಹಾನುಭಾವ ಅವನು. ಏರಿ ಬಂದ ಹೊಳೆ ನೀರು ಹರಡಿಕೊಳ್ಳಲು ತಗ್ಗೇ ಉಳಿದಿರಲಿಲ್ಲ. ಕಾಗದದಲ್ಲಿ ಮಾತ್ರ ಎಲ್ಲ ನೆಟ್ಟಗಿತ್ತು. ಪಕ್ಕದಲ್ಲಿದ್ದ ಸರ್ವೆಯವನು ಮೊಬೈಲ್ ನೋಡಿ ನಕ್ಕ.

“ನಕಾಶದಾಗ ಇಲ್ಲಿ ಹಳ್ಳಾನೇ ಇಲ್ಲ. ಪಾಳು ಭೂಮಿ ಅಂತದ.”

“ಕೇಳ್ದೇನು? ಸರ್ಕಾರಕಿಂತ ನೀ ಶಾಣ್ಯಾಕಿ?” ಸಿದ್ದಲಿಂಗೇಶ ಗುಡುಗಿದ. “ಸಂಜಿಕ ಎರಡ್ ಲಾರಿ ಹೋಗ್ಬೇಕು. ಹಾರಿ ಹಾಕ್ರಿ ಆ ಗ್ವಾಡಿಗಿ!”

ಗೋಡೆಯ ಬುಡದಲ್ಲಿ ಹಾರೆ ಹಿಡಿದು ನಿಂತವಳು ಲುಂಬಿನಿ, ಲಾಲಮ್ಮನ ಮಗಳು. ಈ ಬೇಸಿಗೆಯಲ್ಲಷ್ಟೇ ಖಣಿಗೆ ಇಳಿದಿದ್ದಳು. ಅವಳ ಕಾಲ ಬಳಿ, ಕಲ್ಲಿನ ಸಂದಿಯಿಂದ, ಕೆಂಪು ನೀರು ಜಿನುಗಿತು. ಇಲ್ಲಿಯ ಮಣ್ಣು ಕಪ್ಪು. ಕೆಂಪು ಬರುವುದು ಚಿಂಚೋಳಿಯ ದಿಣ್ಣೆಗಳಿಂದ. ಲಾಲಮ್ಮ ಮಗಳ ತೋಳು ಹಿಡಿದು ಎಳೆದಳು.

“ಹಾರಿ ಒಗಿ. ಏರು ಮ್ಯಾಲ!”

“ನಡೀರೆವ್ವ,” ಜೊತೆಗೆ ಕಲ್ಲು ಹೊರುತ್ತಿದ್ದ ಮಾಸುಮಬಿ ಬುಟ್ಟಿ ಬಿಸಾಕಿ ಎಲ್ಲರನ್ನೂ ನೂಕಿದಳು. “ಹೆಣಕ್ಕ ಯಾರೂ ಕೂಲಿ ಕೊಡಂಗಿಲ್ಲ.”

ಖಣಿಯಲ್ಲಿದ್ದ ಹನ್ನೊಂದು ಮಂದಿಯೂ ದಂಡೆ ಏರಿದರು. ಸಿದ್ದಲಿಂಗೇಶನ ಬಾಯಿ ಹೊಲಸಾಯಿತು. “ಇಳೀರಿ ಬೋಸುಡಿ ಮಕ್ಳ! ಇಲ್ಲಂದ್ರ ನಾಳಿಂದ ವಾಡಿ ತನಾ ಯಾವ ಖಣ್ಯಾಗೂ ನಿಮಗ ಕೆಲಸ ಇರಂಗಿಲ್ಲ.”

ಕೆಲವರು ಕಾಲು ಹಿಂದೆ ಮುಂದೆ ಮಾಡಿದರು. ನಾಳೆ ಒಲೆ ಹೊತ್ತಬೇಕಲ್ಲ.

ಲಾಲಮ್ಮ ತಗಡಿನ ನೆರಳಿಗೆ ಹೋದಳು. ಅಲ್ಲಿ ಮಾಲಕನ ಖುರ್ಚಿ ಇತ್ತು. ಇವರ ಕೇರಿಯ ಯಾರೂ ಮುಟ್ಟಬಾರದ ಖುರ್ಚಿ. ಫರ್ಸಿ ಹೊರುವ ಹಾಗೆ ಅದನ್ನು ತಲೆಗೇರಿಸಿಕೊಂಡು ಒಬ್ಬಳೇ ಕೆಳಗಿಳಿದಳು.

“ಯವ್ವಾ, ಬ್ಯಾಡ!” ಲುಂಬಿನಿ ಚೀರಿದಳು.

ಲಾಲಮ್ಮ ಖುರ್ಚಿಯನ್ನು ಆ ಗೋಡೆಗೆ ಒತ್ತಿ ಇಟ್ಟಳು. ಸೆರಗಿನಿಂದ ಒರೆಸಿದಳು. ಅವಸರವಿಲ್ಲದೆ ಮತ್ತೆ ಮೇಲೆ ಬಂದು ಮಾಲಕನೆದುರು ನಿಂತಳು.

“ಹೋಗ್ರಿ ಮಾಲಕ್ರಿ. ಒಂದ್ ಕಪ್ ಚಾ ಕುಡಿಯೋ ತನಾ ಅಲ್ಲಿ ಕುಂದ್ರಿ. ಆಮ್ಯಾಗ ನಾವೆಲ್ಲಾ ಇಳೀತೀವಿ. ಹಳ್ಳಾನೇ ಇಲ್ಲಲ್ರಿ.”

ಸರ್ವೆಯವನು ಆಗಲೇ ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಸಿದ್ದಲಿಂಗೇಶ ಒಂದು ಹೆಜ್ಜೆ ಇಟ್ಟ. ಕೆಳಗೆ ಎಲ್ಲೋ ಒಂದು ಪದರು ಟಕ್ಕೆಂದು ಬಿರಿಯಿತು. ಅವನ ಕಾಲು ಅಲ್ಲೇ ನಿಂತಿತು. ಹನ್ನೊಂದು ಮಂದಿ ಆ ಕಾಲನ್ನೇ ನೋಡಿದರು.

“ಯಾಕ್ರಿ,” ಅಂದಳು ಲಾಲಮ್ಮ, “ಕುಂದ್ರಂಗಿಲ್ಲ?”