ಎರಡು ಸಲ ಬೆಲ್ಲು

ಚಿಂಪಾಂಜಿಗಳಿಗೆ ಯಾರ ಮೇಲೂ ಅತಿ ಭಕ್ತಿ ಇರುವುದಿಲ್ಲ, ಮನುಷ್ಯರ ಮಕ್ಕಳಿಗೆ ಇರುತ್ತದೆ. ನಮ್ಮ ಸಂಶೋಧನಾ ಕೇಂದ್ರ ಇಷ್ಟು ವರ್ಷ ಬೆವರು ಸುರಿಸಿ ಕಂಡುಕೊಂಡದ್ದೆಲ್ಲ ಇಷ್ಟೇ ಎಂದು ನಾನು ಹೇಳಿದರೆ ದೊಡ್ಡಮೇಡಂ ಸಿಡುಕುತ್ತಾರೆ. ಅವರು ಕೇಂದ್ರದ ಮುಖ್ಯಸ್ಥೆ. ನಾನು ಪ್ರಾಣಿಗಳ ಮುಂದೆ ಕೂತು ಅವು ಏನು ಮಾಡುತ್ತವೆ, ಯಾಕೆ ಮಾಡುತ್ತವೆ ಎಂದು ನೋಡುವವಳು. ನೋಡುವುದೇ ನನ್ನ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ಪ್ರಯೋಗ ಸರಳ. ಒಂದು ಮರದ ಪೆಟ್ಟಿಗೆ, ಅದರೊಳಗೆ ತಿನ್ನುವುದಕ್ಕೆ ಏನಾದರೊಂದು. ನಾನು ಕೋಲಿನಿಂದ ಪೆಟ್ಟಿಗೆಯ ನೆತ್ತಿಗೆ ತಟ್ಟುತ್ತೇನೆ, ಮೇಲಿನ ಚಿಲಕ ಎಳೆಯುತ್ತೇನೆ, ಆಮೇಲೆ ಮುಂದಿನ ಬಾಗಿಲು ತೆರೆದು ತಿಂಡಿ ತೆಗೆಯುತ್ತೇನೆ. ಚಿಂಪಾಂಜಿಯೂ ಹಾಗೇ ಮಾಡುತ್ತದೆ, ಮಗುವೂ ಹಾಗೇ ಮಾಡುತ್ತದೆ. ಆಮೇಲೆ ಅಂಥದೇ ಇನ್ನೊಂದು ಪೆಟ್ಟಿಗೆ ಕೊಡುತ್ತೇವೆ, ಒಳಗಿರುವುದೆಲ್ಲ ಹೊರಗೆ ಕಾಣುವ ಪ್ಲಾಸ್ಟಿಕ್ಕಿನದು. ತಟ್ಟುವುದಕ್ಕೂ ಚಿಲಕಕ್ಕೂ ತಿಂಡಿಗೂ ಸಂಬಂಧವೇ ಇಲ್ಲ ಎಂದು ಈಗ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ನಮ್ಮ ಹೆಣ್ಣು ಚಿಂಪಾಂಜಿ ಜಂಬಿ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ನೇರವಾಗಿ ಬಾಗಿಲಿಗೆ ಕೈಹಾಕಿ ಬಾಳೆಹಣ್ಣು ಎತ್ತಿಕೊಂಡು ಬೆನ್ನು ತಿರುಗಿಸಿ ಕೂತಳು. ಜಂಬದ ಕೋಳಿ ಎಂದೇ ಅವಳಿಗೆ ಆ ಹೆಸರಿಟ್ಟದ್ದು ನಾನೇ.

ಅದೇ ದಿನ ಅಕ್ಕನ ಮಗಳು ಪುಟ್ಟಿಯನ್ನೂ ಕರೆತಂದಿದ್ದೆ. ಪುಟ್ಟಿ ಕಾಣುವ ಪೆಟ್ಟಿಗೆಗೂ ಶ್ರದ್ಧೆಯಿಂದ ತಟ್ಟಿದಳು, ಚಿಲಕ ಎಳೆದಳು, ಆಮೇಲೆ ಬಾಗಿಲು ತೆರೆದಳು.

"ತಟ್ಟದೆ ಇದ್ರೂ ತೆಗೀಬಹುದಿತ್ತಲ್ಲ ಪುಟ್ಟಿ?" ಎಂದು ಕೇಳಿದೆ.

"ಚಿಕ್ಕಿ ತಟ್ಟಿದ್ಳಲ್ಲ, ಅದಕ್ಕೆ ತಟ್ಟಿದೆ. ಚಿಕ್ಕಿ ಸುಮ್ನೆ ತಟ್ತಾಳಾ?"

ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ನಿಂತು ನೋಡುತ್ತಿದ್ದ ದೊಡ್ಡಮೇಡಂ ಕುಣಿಯುವುದೊಂದು ಬಾಕಿ. "ಇದೇ ನೋಡು ಮನುಷ್ಯನ ಬುದ್ಧಿ. ಕಾರಣ ಗೊತ್ತಿಲ್ಲದಿದ್ರೂ ನಮ್ಮೋರು ಮಾಡಿದ್ದಕ್ಕೆ ಅರ್ಥ ಇರುತ್ತೆ ಅಂತ ನಂಬ್ತೀವಿ. ಭಾಷೆ, ಅಡುಗೆ, ಕೈಕಸುಬು, ಎಲ್ಲಾ ಬಂದಿದ್ದು ಈ ನಂಬಿಕೆಯಿಂದ. ಜಂಬಿ ಜಾಣೆ ಇರಬಹುದು, ಆದ್ರೆ ಅವಳು ಯಾರನ್ನೂ ನಂಬಲ್ಲ." ಆಮೇಲೆ ದನಿ ಇಳಿಸಿ ಕೇಳಿದರು: "ಕಾಡಿನ ವಿಷ್ಯ ಏನು ಮಾಡ್ದೆ? ಹೋದ್ಸಲ ಬೇಡ ಅಂದೆ. ಈ ಸಲವೂ ಬೇಡ ಅಂದ್ರೆ ಬೇರೆಯವ್ರನ್ನ ಕಳಿಸ್ಬೇಕಾಗುತ್ತೆ. ಈ ವಾರದೊಳಗೆ ಹೇಳು."

ಕಾಡಿನ ವಿಷಯವೆಂದರೆ, ಕಡಲಾಚೆ ದಟ್ಟ ಕಾಡಿನ ನಡುವೆ ನಮ್ಮದೊಂದು ವೀಕ್ಷಣಾ ಠಾಣೆ ಇದೆ. ಪಂಜರವಿಲ್ಲದ, ಪೆಟ್ಟಿಗೆ ಕಂಡೇ ಇರದ ಚಿಂಪಾಂಜಿಗಳ ಹಿಂದೆ ವರ್ಷಗಟ್ಟಲೆ ನಡೆಯುವ ಕೆಲಸ. ನಾನು ಈ ಓದಿಗೆ ಬಂದದ್ದೇ ಆ ಆಸೆಯಿಂದ. ಹೋದ ಸಲ ಕರೆ ಬಂದಾಗ ಬೇಡವೆಂದು ಹೇಳಿ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಯಾಕೆಂದರೆ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು.

ಅಮ್ಮ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಕಾಲು ಬರಲಿಲ್ಲ. ಡಾಕ್ಟರ ಬಳಿ ಕರೆದೊಯ್ಯುತ್ತಿದ್ದವಳು ಅಕ್ಕ. ಅವಳ ಮನೆ ಪಕ್ಕದ ಬೀದಿಯಲ್ಲೇ. "ನರ ಸೋತಿದೆಯಂತೆ ಕಣೇ, ಇನ್ನು ಇಷ್ಟೇ ಅಂತೆ" ಎಂದು ಬಂದು ಹೇಳಿದವಳೂ ಅವಳೇ. ಮಧ್ಯಾಹ್ನ ಅವಳು ಬಂದು ಊಟ ಕೊಟ್ಟು ಹೋಗುತ್ತಿದ್ದಳು. ಉಳಿದ ಹೊತ್ತಿಗೆಲ್ಲ ನಾನು. ಎತ್ತಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಪಕ್ಕದ ಕಮೋಡು ತೊಳೆಯುವುದು. ಬೇಸರವಿರಲಿಲ್ಲ ಎಂದರೆ ಸುಳ್ಳು. ಆದರೆ ಹೆತ್ತವಳಲ್ಲವೇ.

ಮನೆಯೊಳಗೆ ಬರುವುದಕ್ಕೂ ಅಕ್ಕ ಒಂದು ಕ್ರಮ ಮಾಡಿದ್ದಳು. ಮೊದಲು ಎರಡು ಸಲ ಬೆಲ್ಲು ಒತ್ತಬೇಕು. ಆಮೇಲೆ ಹೊರಗೇ ಚಪ್ಪಲಿ ಬಿಚ್ಚಿ ಗೂಡಿನಲ್ಲಿಡಬೇಕು. ಆಮೇಲೆ ಕೀಲಿ ತಿರುಗಿಸಬೇಕು. "ಮಲಗಿರೋ ಜೀವ, ದಿಢೀರಂತ ಬಾಗಿಲು ತೆಗೆದ್ರೆ ಬೆಚ್ಚಿಬೀಳುತ್ತೆ" ಎಂದಿದ್ದಳು. ಕೀಲಿ ನನ್ನ ಕೈಯಲ್ಲೇ ಇದ್ದರೂ ಒಂದು ದಿನ ತಪ್ಪದೆ ಹಾಗೇ ಮಾಡಿದೆ. ಅಕ್ಕ ಸುಮ್ಮನೆ ಹೇಳುತ್ತಾಳಾ?

ಆ ಸಂಜೆ ಪುಟ್ಟಿಯನ್ನು ಅವಳ ಮನೆ ಬಾಗಿಲಿಗೆ ಬಿಟ್ಟು ಬರುವಾಗ ನನಗೆ ಯಾಕೋ ಹುಡುಗಾಟ ಹತ್ತಿತ್ತು. ನಮ್ಮ ಮನೆ ಮುಂದೆ ನಿಂತು ಬೆಲ್ಲಿಗೆ ಬೆರಳು ಎತ್ತಿದವಳು ಫಕ್ಕನೆ ನಕ್ಕೆ. ನಾನೂ ಪುಟ್ಟಿಯೇ ಎನಿಸಿತು. ಇವತ್ತೊಂದು ದಿನ ಜಂಬಿಯಾಗೋಣ, ಅಮ್ಮನಿಗೆ ಆಮೇಲೆ ಹೇಳಿ ನಗಿಸೋಣ ಎಂದುಕೊಂಡು ಚಪ್ಪಲಿಯಲ್ಲೇ ನಿಂತು ಕೀಲಿ ತಿರುಗಿಸಿದೆ.

ಒಳಗೆ ರೇಡಿಯೋ ಹಾಡುತ್ತಿತ್ತು. ಬಾಗಿಲ ಸಂದಿಯಿಂದ ಅಡುಗೆಮನೆ ನೇರವಾಗಿ ಕಾಣುತ್ತದೆ. ಅಮ್ಮ ನನಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ನಿಂತಿದ್ದಳು. ಬರೀ ನಿಂತಿರಲಿಲ್ಲ, ತುದಿಗಾಲಲ್ಲಿ ನಿಂತಿದ್ದಳು. ಮೇಲಿನ ಹಲಗೆಯಿಂದ ಬಿಸ್ಕತ್ತಿನ ಡಬ್ಬಿ ಎಳೆದು, ಕಂಕುಳಲ್ಲಿ ಇರುಕಿಕೊಂಡು, ಹಾಡಿಗೆ ತಲೆದೂಗುತ್ತ ಕೆಳಗಿಳಿದಳು. ಇಳಿಯುವಾಗ ಗೋಡೆಯನ್ನು ಸಹ ಹಿಡಿಯಲಿಲ್ಲ.

ಮೊದಲು ನನಗಾದದ್ದು ಸಂತೋಷ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಮ್ಮ ನಡೆದಳು ಎಂದು ಕೂಗಿಬಿಡುವುದರಲ್ಲಿದ್ದೆ. ಆಮೇಲೆ ಅವಳು ಸ್ಟೂಲನ್ನು ಕಾಲಿನಿಂದ ಗೋಡೆಗೆ ತಳ್ಳಿದಳು, ದಿನವೂ ಮಾಡುವವರ ಹಾಗೆ. ಆಗ ನನ್ನ ಕಣ್ಣು ಅವಳ ಕಾಲ್ಚೀಲಗಳ ಮೇಲೆ ಬಿತ್ತು. ಪಾದ ತಣ್ಣಗಾಗುತ್ತದೆ ಎಂದು ಅಮ್ಮ ಸದಾ ಕಾಲ್ಚೀಲ ಹಾಕಿರುತ್ತಿದ್ದಳು, ಅದರ ಹಿಮ್ಮಡಿ ಪದೇಪದೇ ಸವೆದು ತೂತಾಗುತ್ತಿತ್ತು. ನಾನು ಅಂಗಡಿಯವನನ್ನು ಬಯ್ದು ಬೇರೆ ಅಂಗಡಿ ಹಿಡಿದಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತ್ತಂತೆ.

ಸದ್ದಾಗದಂತೆ ಬಾಗಿಲು ಮುಚ್ಚಿದೆ. ಹೊರಗೆ ನಿಂತು ಎರಡು ಸಲ ಬೆಲ್ಲು ಒತ್ತಿದೆ. ಕಿವಿಯನ್ನು ಬಾಗಿಲಿಗಿಟ್ಟೆ. ರೇಡಿಯೋ ನಿಂತಿತು. ದಡದಡ ಹೆಜ್ಜೆಗಳು, ಕೋಣೆಯ ಪರದೆಯ ಉಂಗುರಗಳ ಸದ್ದು, ಮಂಚದ ಕಿರುಗುಟ್ಟು, ಆಮೇಲೆ ಮೌನ. ನಾನು ಚಪ್ಪಲಿ ಬಿಚ್ಚಿ ಗೂಡಿನಲ್ಲಿಡುವಷ್ಟರಲ್ಲಿ ಇಷ್ಟೂ ಮುಗಿದಿತ್ತು. ಅಕ್ಕನ ಕ್ರಮದಲ್ಲಿ ದಂಡದ್ದು ಒಂದೂ ಇರಲಿಲ್ಲ.

"ಬಂದ್ಯಾ ಮಗಳೇ? ಸ್ವಲ್ಪ ನೀರು ಕೊಡಮ್ಮ, ಮಧ್ಯಾಹ್ನದಿಂದ ಗಂಟಲು ಒಣಗಿದೆ" ಎಂದಳು ಅಮ್ಮ. ತುಟಿಯ ಮೂಲೆಯಲ್ಲಿ ಬಿಸ್ಕತ್ತಿನ ಪುಡಿ ಇತ್ತು. ನೀರು ಕೊಟ್ಟೆ. ತಲೆಯ ಹಿಂದೆ ಕೈ ಕೊಟ್ಟು ಎತ್ತಿ ಕುಡಿಸಿದೆ. ಭಾರ ಪೂರ್ತಿ ನನ್ನ ಕೈಮೇಲೆ ಬಿಟ್ಟಳು, ಮೊದಲಿನ ಹಾಗೆಯೇ.

ಔಷಧಿ ತರುತ್ತೇನೆ ಎಂದು ಹೇಳಿ ಅಕ್ಕನ ಮನೆಗೆ ಹೋದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಇವತ್ತು ಬೆಲ್ಲು ಹೊಡೀದೆ ಒಳಗೆ ಹೋದೆ" ಎಂದೆ. ಅಷ್ಟೇ ಹೇಳಿದ್ದು.

ಅವಳ ಕೈ ನಿಂತಿತು. "ನಾನೇನೂ ಮಾಡ್ಲಿಲ್ಲ" ಎಂದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಯಾವಾಗಿಂದ ನಡೀತಿದಾಳೆ?"

ಅಕ್ಕ ಪುಟ್ಟಿಯ ಲಂಗವೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಮೊದಲು ನಿಜವಾಗ್ಲೂ ಆಗ್ತಿರ್ಲಿಲ್ಲ ಕಣೇ. ಆಮೇಲೆ ಕಾಲು ಬಂತು. ನಿಂಗೆ ಹೇಳ್ಬೇಕು ಅಂತಾನೇ ಇದ್ವಿ. ಅಷ್ಟರಲ್ಲಿ ಹೋದ್ಸಲ ನಿನ್ನ ಕಾಡಿನ ಕರೆ ಬಂತು. ಅಮ್ಮ ನನ್ನ ಕೈ ಹಿಡ್ಕೊಂಡು, ಈಗ ಹೇಳ್ಬೇಡ, ಅವಳು ಹೋಗ್ಬಿಡ್ತಾಳೆ ಅಂದ್ಳು."

"ನೀನು ಯಾಕೆ ಒಪ್ಪಿದೆ?"

"ನೀನು ಹೋದ್ರೆ ಅಮ್ಮ ನನ್ನ ಕುತ್ತಿಗೆಗೆ ಬೀಳಲ್ವಾ? ಇಲ್ಲಿ ಒಂದು ರೂಮಲ್ಲಿ ನಾಲ್ಕು ಜನ ಇದೀವಿ." ಆಮೇಲೆ ನಿಜಕ್ಕೂ ಸಂಕಟದಿಂದಲೇ ಹೇಳಿದಳು: "ನಿನ್ನ ಮೇಲಿನ ಪ್ರೀತಿಗೇ ಅಲ್ವೇನೇ ಅವಳು ಮಲಗಿರೋದು?"

ನನಗೆ ಸಿಟ್ಟು ಬಂತು. ನನ್ನ ಅಂಗೈಯಲ್ಲಿ ಅಮ್ಮನ ಕಮೋಡು ತೊಳೆದು ಬಂದ ಬಿರುಕುಗಳಿದ್ದವು. ಅದನ್ನು ಅಕ್ಕನ ಮುಖದ ಮುಂದೆ ಹಿಡಿದೆ. ಅವಳು ಕಣ್ಣು ತಿರುಗಿಸಿದಳು. "ನಂಗೆ ಗೊತ್ತಾಯ್ತು ಅಂತ ಅಮ್ಮಂಗೆ ಹೇಳ್ಬೇಡ. ಅವಳೇ ಹೇಳ್ಲಿ" ಎಂದಷ್ಟೇ ಹೇಳಿ ಎದ್ದು ಬಂದೆ.

ದಾರಿಯಲ್ಲಿ ಟಿಟ್ಟಿಭದ ನೆನಪು ಬಂತು. ಬಯಲಿನಲ್ಲಿ ಮೊಟ್ಟೆಯಿಡುವ ಹಕ್ಕಿ. ನಾಯಿಯೋ ನರಿಯೋ ಗೂಡಿನ ಹತ್ತಿರ ಬಂದರೆ ಅಂಥ ಹಕ್ಕಿಗಳು ರೆಕ್ಕೆ ಮುರಿದ ಹಾಗೆ ನೆಲದಲ್ಲಿ ಹೊರಳುತ್ತವೆ, ಶತ್ರುವನ್ನು ತಮ್ಮ ಹಿಂದೆ ಎಳೆದುಕೊಂಡು ದೂರ ಹೋಗುತ್ತವೆ, ಆಮೇಲೆ ಪುರ್ರನೆ ಹಾರುತ್ತವೆ. ಅಮ್ಮ ಬಿದ್ದ ಹೊಸದರಲ್ಲಿ ಹೊತ್ತು ಕಳೆಯಲೆಂದು ಇದನ್ನು ಅವಳಿಗೆ ಹೇಳಿದ್ದೆ. "ಸುಳ್ಳು ಹೇಳ್ತಿದೀನಿ ಅಂತ ಅದಕ್ಕೆ ಗೊತ್ತಿರುತ್ತಾ?" ಎಂದು ಕೇಳಿದ್ದಳು. "ಇಲ್ಲಮ್ಮ, ಅಷ್ಟೆಲ್ಲ ಇರಲಾರದು. ತಾನಾಗೇ ಬಂದ್ಬಿಡುತ್ತೆ" ಎಂದಿದ್ದೆ. "ಅದು ಪುಣ್ಯ ಮಾಡಿದೆ" ಎಂದಿದ್ದಳು ಅಮ್ಮ. ಹಕ್ಕಿ ಮರಿಗೋಸ್ಕರ ಶತ್ರುವಿಗೆ ಸುಳ್ಳು ಹೇಳುತ್ತದೆ. ಮರಿಗೇ ಸುಳ್ಳು ಹೇಳಿ ಗೂಡಿನಲ್ಲಿ ಕಟ್ಟಿಹಾಕುವ ಹಕ್ಕಿಯನ್ನು ನಾನು ಕಂಡಿಲ್ಲ. ಅದಕ್ಕೆ ನಮ್ಮಷ್ಟು ದೊಡ್ಡ ಮಿದುಳೇ ಬೇಕು.

ಮರುದಿನ ದೊಡ್ಡಮೇಡಂಗೆ ಕಾಡಿಗೆ ಹೋಗುತ್ತೇನೆ ಎಂದೆ. ಅಮ್ಮನಿಗೂ ಹೇಳಿದೆ. ಅವಳು ಮುಖವನ್ನು ಸೂರಿನ ಕಡೆ ತಿರುಗಿಸಿದಳು.

"ಹೋಗಿ ಬಾ. ನಾನು ಹೇಗೋ ಬಿದ್ದಿರ್ತೀನಿ."

"ಅಮ್ಮ, ನಂಗೆ ಏನಾದ್ರೂ ಹೇಳೋದಿದ್ಯಾ? ಏನಿದ್ರೂ ಹೇಳು. ನಾನು ಸಿಟ್ಟು ಮಾಡ್ಕೊಳಲ್ಲ."

ಅವಳು ನನ್ನ ಕಡೆ ತಿರುಗಿದಳು. ಏನೋ ಬಾಯಿಯ ತನಕ ಬಂದಿತ್ತು, ನಾನು ಕಂಡೆ. ಎದ್ದು ನಿಲ್ಲಲಿ, ಬೇಕಿದ್ದರೆ ನಿಂತೇ ನನ್ನನ್ನು ಬಯ್ಯಲಿ, ಹೋಗಬೇಡ ಎಂದು ದಾರಿಗೆ ಅಡ್ಡ ನಿಲ್ಲಲಿ ಎಂದು ಬೇಡಿಕೊಂಡೆ. ಹಾಗೆ ಮಾಡಿದ್ದರೆ ಆ ಕಾಡನ್ನು ಅಲ್ಲೇ ಮರೆಯುತ್ತಿದ್ದೆನೇನೋ.

"ಕಾಲು ಸ್ವಲ್ಪ ಒತ್ತಮ್ಮ. ಸೇದ್ತಾ ಇದೆ" ಎಂದಳು.

ಒತ್ತಿದೆ. ಕಾಲ್ಚೀಲದೊಳಗೆ ಹಿಮ್ಮಡಿ ಗಟ್ಟಿಯಾಗಿತ್ತು.

ಹೊರಡುವ ದಿನ ಅವಳ ಹಾಸಿಗೆ ಸರಿಮಾಡಿ, ತಲೆದಿಂಬು ತಟ್ಟಿ, ನೀರಿನ ಚೊಂಬು ಕೈಗೆಟುಕುವಲ್ಲಿಟ್ಟೆ. ಎಟುಕದಿದ್ದರೂ ನಡೆಯುತ್ತಿತ್ತು. ಅವಳು ನನ್ನ ಕೆನ್ನೆ ಸವರಿದಳು. ಆ ಕೈ ಸುಳ್ಳಾಗಿರಲಿಲ್ಲ. ಅದೇ ನನಗೆ ತಡೆಯಲಾಗದ್ದು.

ಹೊರಗೆ ಬಂದು ಬಾಗಿಲೆಳೆದು, ಚೀಲ ಹೆಗಲಿಗೇರಿಸಿ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಮಂಚ ಕಿರುಗುಟ್ಟಿತು. ಹೆಜ್ಜೆಗಳು ನಿಧಾನವಾಗಿ ನಡುಮನೆಗೆ ಬಂದವು, ಬೀದಿಯ ಕಡೆಯ ಕಿಟಕಿಯ ಬಳಿ ನಿಂತವು. ನಾನು ಬೀದಿಗಿಳಿಯುವುದನ್ನು ನೋಡಲು ಬಂದಿದ್ದಳು. ಅಲ್ಲಿಂದ ಬಾಗಿಲಿಗೆ ನಾಲ್ಕೇ ಮಾರು. ಒಳಗಿನಿಂದ ಒಂದು ಬಿಕ್ಕು ಕೇಳಿಸಿತು.

ನನ್ನಿಂದ ಆಗಲಿಲ್ಲ. ಅವಳನ್ನು ಕರೆಯಲೆಂದೇ ಬೆಲ್ಲು ಒತ್ತಿದೆ. ಕೈ ತನ್ನ ಅಭ್ಯಾಸದಂತೆ ಎರಡು ಸಲ ಒತ್ತಿತು.

ಹೆಜ್ಜೆಗಳು ಓಡಿದವು. ಬಾಗಿಲ ಕಡೆಗಲ್ಲ. ಪರದೆಯ ಉಂಗುರಗಳು ಸದ್ದು ಮಾಡಿದವು, ಮಂಚ ಕಿರುಗುಟ್ಟಿತು, ಆಮೇಲೆ ಒಳಗಿನಿಂದ ಸೋತ ದನಿಯೊಂದು "ಯಾರು?" ಎಂದಿತು.

ಗೂಡಿನಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡೆ. ಕೀಲಿಯನ್ನು ಗೂಡಿನಲ್ಲಿಟ್ಟು ಮೆಟ್ಟಿಲಿಳಿದೆ.