ಬಲಗಡೆಯ ಅಂಚು

ಕಂಪ್ಯೂಟರಿನಲ್ಲಿ ಯಾವ ಪುಟವನ್ನು ತೆರೆದರೂ, ಓದುವುದಕ್ಕೆ ಮೊದಲು ಅದರ ಬಲ ಅಂಚನ್ನು ಮೌಸಿನಿಂದ ಹಿಡಿದು, ಪುಟವೆಲ್ಲ ಒಂದು ಕಿರಿದಾದ ಓಣಿಯಾಗುವವರೆಗೂ ಎಡಕ್ಕೆ ತಳ್ಳಿಕೊಂಡು ಹೋಗುವುದು ಆತನ ಅಭ್ಯಾಸ. ಅಕ್ಷರಗಳು ಮುರಿಯದೆ, ಮರೆಯಾಗದೆ, ಒಂದರ ಕೆಳಗೊಂದು ಸಾಲುಗಟ್ಟಿ ನಿಂತ ಮೇಲೆಯೇ ಆತನಿಗೆ ಉಸಿರು. ನಮ್ಮ ಪತ್ರಿಕಾ ಕಚೇರಿಯಲ್ಲಿ ನಾವು ಇಟ್ಟ ಹೆಸರು ಅಂಚಣ್ಣ. ಹಾಗೆ ಕರೆದರೆ ಬೇಸರವಿಲ್ಲದೆ ಓಗೊಡುತ್ತಾನೆ.

ತೆಳ್ಳಗಿನ ಆಳು. ಅಗಲವಾದ ಬಾಗಿಲಲ್ಲೂ ಭುಜ ಓರೆ ಮಾಡಿಕೊಂಡೇ ನುಸುಳುತ್ತಾನೆ, ಎದುರಿಗೆ ಬಾರದಿರುವವರಿಗೂ ದಾರಿ ಬಿಟ್ಟುಕೊಡುವವನಂತೆ. ಬೇಸಗೆಯಲ್ಲೂ ಕಳಚದ ಬೂದು ಕೋಟಿನ ಎರಡೂ ಜೇಬುಗಳಲ್ಲಿ ಹಳೆಯ ಮೊಬೈಲುಗಳು. ಗಾಜು ಸೀಳಿದವು, ಗುಂಡಿ ಸವೆದವು. ನಡೆದರೆ ಒಂದಕ್ಕೊಂದು ತಾಗಿ ಸದ್ದಾಗುತ್ತದೆ. "ಗುಜರಿ ಅಂಗಡಿ ಬಂತು" ಎಂದು ನಾವು ನಗುತ್ತಿದ್ದೆವು. "ಇದ್ರಲ್ಲೂ ಓದೋರು ಇದಾರಪ್ಪ" ಎಂಬುದೊಂದೇ ಆತನ ಉತ್ತರ.

ಮೊದಲು ಹೀಗಿರಲಿಲ್ಲ. ಅಚ್ಚಿನ ಪುಟ ಕಟ್ಟುವುದರಲ್ಲಿ ಎತ್ತಿದ ಕೈ. ಕಾಗದದ ಅಗಲ ಎಲ್ಲ ಓದುಗರಿಗೂ ಒಂದೇ ಎಂಬ ನಂಬಿಕೆಯಲ್ಲೇ ತಲೆ ನರೆತವನು. ಪತ್ರಿಕೆ ಜಾಲತಾಣಕ್ಕೆ ಕಾಲಿಟ್ಟಾಗ ನಿಧನವಾರ್ತೆಯ ಪುಟವನ್ನು ತನ್ನ ಮೇಜಿನ ಮೇಲಿನ ಪರದೆಯ ಅಳತೆಗೆ ಬಿಗಿದು ಕಟ್ಟಿದ. ಪರದೆ ಕಿರಿದಾದರೆ ಪಕ್ಕಕ್ಕೆ ಸರಿಸಿ ನೋಡಲೆಂದು ಕೆಳಗೆ ಮೂಡುವ ಅಡ್ಡಪಟ್ಟಿ ಅಂದಗೆಡಿಸುತ್ತದೆಂದು ಅದನ್ನೂ ತೆಗೆದುಹಾಕಿದ. ನಾವೆಲ್ಲ ಭೇಷ್ ಎಂದೆವು.

ಬೇರೆ ಊರಿನಲ್ಲಿದ್ದ ಆತನ ಅಕ್ಕ ಒಂದು ಬೆಳಿಗ್ಗೆ ಆ ಪುಟವನ್ನು ತನ್ನ ಪುಟ್ಟ ಮೊಬೈಲಿನಲ್ಲಿ ನೋಡಿದಳು. ನಮ್ಮೂರಿನಲ್ಲೇ ಇದ್ದ ಅವಳ ಬಾಲ್ಯದ ಗೆಳತಿ ತೀರಿಕೊಂಡಿದ್ದಳು. ಯಾವುದೋ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆ ಮನೆಗೆ ಫೋನು ಮಾಡಿ ವಿಚಾರಿಸಲು ಅಕ್ಕನಿಗೆ ಬಾಯಿ ಬರಲಿಲ್ಲ, ಕಡೆಯ ಬಾರಿ ಮುಖ ನೋಡದಿರಲೂ ಮನಸ್ಸು ಒಪ್ಪಲಿಲ್ಲ. ಪುಟದಲ್ಲಿ ಹೆಸರಿತ್ತು, ವಿಳಾಸವಿತ್ತು. ಬಲಗಡೆಯ ಕಾಲಮ್ಮಿನಲ್ಲಿದ್ದ ಅಂತ್ಯಕ್ರಿಯೆಯ ಸಮಯ ಮಾತ್ರ ಅವಳ ಪರದೆಯ ಆಚೆಗೇ ಉಳಿದುಹೋಗಿತ್ತು. ಸಂಜೆಗಿರಬೇಕೆಂದುಕೊಂಡು ಬಸ್ಸು ಹತ್ತಿದಳು. ಅವಳು ತಲುಪಿದಾಗ ಎಲ್ಲ ಮುಗಿದು, ಬಾಡಿಗೆಯ ಕುರ್ಚಿಗಳನ್ನು ಮಡಚಿ ಗಾಡಿಗೆ ತುಂಬುತ್ತಿದ್ದರು.

ಅಲ್ಲಿಂದ ನೇರ ತಮ್ಮನ ಮನೆಗೆ ಬಂದು, "ಟೈಮೇ ಹಾಕಿರ್ಲಿಲ್ವಲ್ಲೋ" ಎಂದಳಂತೆ. "ಹಾಕಿದೀನಲ್ಲಕ್ಕಾ!" ಎಂದು ರೇಗಿ, ಅವಳ ಕೈಯಿಂದ ಮೊಬೈಲು ಕಿತ್ತುಕೊಂಡು ಪುಟವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದೆಳೆದು ನೋಡಿದ; ಬಲಗಡೆಯ ಕಾಲಮ್ಮು ಬರಲೇ ಇಲ್ಲ. ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡು, ನಿಂಗೇನ್ ಗೊತ್ತಿತ್ತು" ಎಂದು ತಲೆ ಸವರಿದಳು. ಇದನ್ನು ಹೇಳುವಾಗ ಆತ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತಲ್ಲ ಎನ್ನಿಸಿ ನನಗೂ ಸಂಕಟವಾಯಿತು.

ಈಗ ಆತ ಕಟ್ಟುವ ಪುಟಗಳು ಅಂಗೈಯಗಲದ ಪರದೆಗೂ ಗೋಡೆಯಗಲದ ಪರದೆಗೂ ಸಲೀಸಾಗಿ ಹೊಂದಿಕೊಳ್ಳುತ್ತವೆ. ಎಷ್ಟೋ ಜನ ಸಮಯಕ್ಕೆ ಸರಿಯಾಗಿ ತಲುಪಿ ತಮ್ಮವರ ಮುಖ ನೋಡಿರಬಹುದು; ಅವರಿಗೆ ಈತ ಯಾರೆಂದೇ ತಿಳಿಯದು. ತಮ್ಮವರ ನಷ್ಟದಿಂದ ಕಸುಬನ್ನು ಕಲಿತವರ ಪಾಡೇ ಇಷ್ಟು. ಅವರ ಎಚ್ಚರ ಲೋಕಕ್ಕೆಲ್ಲ ಒದಗಿಬರುತ್ತದೆ, ಯಾರ ನೋವಿನಿಂದ ಕಲಿತರೋ ಅವರೊಬ್ಬರನ್ನು ಬಿಟ್ಟು.