ಅತ್ತಿಗೆ ಮೆಟ್ಟಿಲಿಳಿದ ವಾರ

ಹಿಮ್ಮಡಿ ತಾತನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಚಪ್ಪಲಿ, ಶೂ ರಿಪೇರಿ ಮಾಡಿ ಮಾಡಿಯೇ ತಲೆ ಬೆಳ್ಳಗಾಗಿತ್ತು. ಅಂಗಡಿಗೆ ಯಾರೇ ಬರಲಿ, ಮುಖಕ್ಕಿಂತ ಮೊದಲು ಚಪ್ಪಲಿಯ ಹಿಮ್ಮಡಿ ನೋಡುವರು. ಅದು ಸವೆದ ರೀತಿ ನೋಡಿ, ಆಸಾಮಿ ಅವಸರದವನೋ ಸೋಮಾರಿಯೋ ಅಂತ ಹೇಳಿಬಿಡುವರು.

ಪಕ್ಕದ್ದು ಟೈಲರ್ ಅಂಗಡಿ. ನಡುವೆ ಒಂದು ಹಲಗೆ ಗೋಡೆ, ಅಷ್ಟೆ. ಟಿ.ವಿ. ಇದ್ದದ್ದು ಟೈಲರ್ ಕಡೆ. ಹಾಗಾಗಿ ಶುಕ್ರವಾರ ಸಂಜೆ ತಾತ ತಮ್ಮ ಸ್ಟೂಲು ಎತ್ತಿಕೊಂಡು ಅಲ್ಲಿಗೆ ಹೋಗುವುದು ರೂಢಿ. ಮೊದಲು ಅತ್ತಿಗೆಯೊಬ್ಬಳ ಸಂಸಾರದ ಧಾರಾವಾಹಿ, ಅದರ ಬೆನ್ನಿಗೇ ದಪ್ಪ ಮಾವನೊಬ್ಬನ ನಗೆ ಕಾರ್ಯಕ್ರಮ.

ಎಲ್ಲರೂ ಟಿ.ವಿ.ಯನ್ನು ಕಣ್ಣಿನಿಂದ ನೋಡಿದರೆ ತಾತ ಕಿವಿಯಿಂದ ನೋಡುತ್ತಿದ್ದರು. ಯಾಕೆಂದರೆ ಅದರೊಳಗಿನ ಹೆಜ್ಜೆ ಸದ್ದೆಲ್ಲ ಅವರ ಮಗನದು. ಶೂಟಿಂಗ್ ದಿನ ನಟರ ಮಾತು ಸಿಗುತ್ತದಂತೆ, ಹೆಜ್ಜೆ ಸರಿಯಾಗಿ ಸಿಗುವುದಿಲ್ಲವಂತೆ. ಆಮೇಲೆ ಇವನು ಬಾಗಿಲು ಹಾಕಿದ ಕೋಣೆಯಲ್ಲಿ ಚಿತ್ರ ನೋಡುತ್ತ, ಅದರಲ್ಲಿ ಯಾರು ನಡೆಯುತ್ತಾರೋ ಅವರ ಹಾಗೇ ನಿಂತಲ್ಲೇ ನಡೆಯಬೇಕು. ಒಂದು ಟ್ರೇಯಲ್ಲಿ ಜಲ್ಲಿ, ಇನ್ನೊಂದರಲ್ಲಿ ಮರಳು, ಪಕ್ಕಕ್ಕೆ ಮರದ ಹಲಗೆ, ಕಲ್ಲು ಚಪ್ಪಡಿ. ದಪ್ಪ ಮಾವ ಜಾರಿ ಬಿದ್ದರೆ ಇವನು ಚರ್ಮದ ಚೂರು ತುಂಬಿದ ಚೀಲವೊಂದನ್ನು ಎತ್ತಿ ದೊಪ್ಪೆಂದು ಹಾಕುತ್ತಾನೆ. ಚೂರು ತಾತನ ಅಂಗಡಿಯದೇ. ರಿಪೇರಿಗೆ ಕೊಟ್ಟವರು ಮರೆತೇಹೋಗಿ ಮೂಲೆ ಸೇರಿದ್ದ ಜೋಡುಗಳೂ ಒಂದೊಂದಾಗಿ ಆ ಕೋಣೆಗೆ ಹೋಗಿದ್ದವು.

ಪ್ರತಿ ವಾರ ಎಲ್ಲ ಮುಗಿದ ಮೇಲೆ ಮಗನ ಫೋನು ಬರುತ್ತಿತ್ತು. "ಹೇಗಿತ್ತಪ್ಪ?"

ಹೊಗಳುವುದು ತಾತನ ಜಾಯಮಾನದಲ್ಲೇ ಇರಲಿಲ್ಲ. "ಅತ್ತಿಗೆಯ ಆ ಕಿರಿ ಮೈದುನ ಬೀರು ಬೀಗ ತೆಗೆಯೋಕೆ ಹೋಗ್ತಿದ್ದ ಅಲ್ವಾ? ಕದಿಯೋಕೆ ಹೋಗೋನು ಮದುಮಗನ ಹಾಗೆ ಟಕಟಕ ಅಂತ ಹೋಗ್ತಾನಾ?" ಇನ್ನೊಂದು ವಾರ, "ಮಾವ ಬಿದ್ದದ್ದೇನೋ ದಪ್ಪಗೇ ಬಿದ್ದ. ಏಳುವಾಗ ಮಾತ್ರ ಸಣ್ಣಗಾಗಿಬಿಟ್ಟಿದ್ದ."

ಮಗ ನಕ್ಕು "ಸರಿ ಅಪ್ಪ, ಮುಂದಿನ ವಾರ ನೋಡ್ಕೋತೀನಿ" ಅನ್ನುತ್ತಿದ್ದ.

ತಾತನಿಗೆ ಕೊರಗು ಅಂತ ಇದ್ದದ್ದು ಟೈಲರ್ ವಿಷಯದಲ್ಲಿ. ಮಗ ಟಿ.ವಿ.ಯಲ್ಲಿದ್ದಾನೆ ಅಂತ ಮೊದಲ ದಿನ ಹೇಳಿದಾಗಿನಿಂದ ಅವನಿಗೆ ಅದೊಂದು ತಮಾಷೆ.

"ತಾತ, ಈ ವಾರವೂ ನಿಮ್ಮ ಮಗ ಕಾಣಲಿಲ್ಲ."

"ಅವನು ಕಾಣೋನಲ್ಲಯ್ಯ, ಕೇಳಿಸೋನು."

"ಕಾಣದೇ ಇರೋ ಪಾತ್ರ ಬಹಳ ಚೆನ್ನಾಗಿ ಮಾಡ್ತಾನೆ ಬಿಡಿ. ಅದರಲ್ಲಿ ನಾನೂ ಇದ್ದೀನಿ. ನೀವು ಗಮನಿಸಿಲ್ಲ."

ಟೈಲರನ ಹೆಂಡತಿ ಗುಂಡಿ ಹೊಲಿಯುತ್ತಲೇ ಗಂಡನನ್ನು ಗದರುವಳು. ಅವನು ಮಿಷನ್ ತುಳಿಯುತ್ತಲೇ ನಗುವನು. ಆ ಮಿಷನ್ನಿನ ಗಡಗಡದಲ್ಲಿ ಮಗನ ಅರ್ಧ ಕೆಲಸ ಕೊಚ್ಚಿಹೋಗುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಇವನ ಕಿವಿಗೆ ನನ್ನ ಮಗ ಬೀಳಬೇಕು ಅಂತ ತಾತ ಒಳಗೊಳಗೇ ಕುದಿಯುತ್ತಿದ್ದರು.

ಹೀಗಿರುವಾಗ ವಾರದ ನಡುವೆ ಮಗ ಫೋನು ಮಾಡಿದ. ಯಾವತ್ತೂ ಇಲ್ಲದ ಅಳುಕು ದನಿಯಲ್ಲಿ. "ಅಪ್ಪ, ಈ ಶುಕ್ರವಾರ ಅತ್ತಿಗೆ ಮನೆ ಬಿಟ್ಟು ಹೋಗ್ತಾಳೆ. ಮೇಲಿನ ಕೋಣೆಯಿಂದ ಗೇಟಿನವರೆಗೆ. ಮಾತಿಲ್ಲ, ಮ್ಯೂಸಿಕ್ಕೂ ಬೇಡ ಅಂದುಬಿಟ್ರು ಡೈರೆಕ್ಟರು. ಬರೀ ನಾನೇ."

ತಾತ ಫೋನಿಟ್ಟವರೇ ಹಲಗೆ ಗೋಡೆ ತಟ್ಟಿದರು. "ಏನಯ್ಯಾ, ಶುಕ್ರವಾರ ನನ್ನ ಮಗನ್ನ ತೋರಿಸ್ತೀನಿ. ನಾನು ಬೆರಳೆತ್ತಿದಾಗ ಕಿವಿ ಕೊಡು."

"ಕಾಣಿಸದಿದ್ರೆ?"

"ಇನ್ನು ಜನ್ಮದಲ್ಲಿ ಅವನ ಸುದ್ದಿ ಎತ್ತಲ್ಲ."

ಆಡಿದ ಮೇಲೆ, ಇದೇನು ಪಣ ಕಟ್ಟಿಬಿಟ್ಟೆ ಅನ್ನಿಸಿತು. ಆದರೆ ತಾತ ಆಡಿದ್ದನ್ನು ನುಂಗುವವರಲ್ಲ.

ಶುಕ್ರವಾರ ತಾತ ಬೇಗನೇ ಬಂದು ಕೂತರು. ಮೆಟ್ಟಿಲು ಬಂದಾಗ ಬೆರಳೆತ್ತಬೇಕು, ಕೇಳಿ, ಇವನೇ ನನ್ನ ಮಗ ಅನ್ನಬೇಕು. ಬಾಯಲ್ಲಿ ಮಾತು ಸಿದ್ಧವಾಗಿತ್ತು.

ಧಾರಾವಾಹಿ ಶುರುವಾಯಿತು. ಅತ್ತಿಗೆ ಬಡಿಸುತ್ತಿದ್ದಾಳೆ. ಅವಳೇ ಸಾಕಿ ಬೆಳೆಸಿದ ಕಿರಿ ಮೈದುನ ತಟ್ಟೆ ಸರಿಸಿ, "ನೀವು ಈ ಮನೆಯವರಲ್ಲ" ಅಂದ. ಅತ್ತಿಗೆ ಕೈ ತೊಳೆದಳು. ಮೇಲೆ ಹೋಗಿ ಒಂದು ಕೈಚೀಲ ಹಿಡಿದು ಕೋಣೆಯ ಬಾಗಿಲಿಗೆ ಬಂದಳು.

ಮೆಟ್ಟಿಲಿಳಿಯತೊಡಗಿದಳು. ಹೆಜ್ಜೆ ಭಾರವೂ ಇಲ್ಲ, ಹಗುರವೂ ಇಲ್ಲ. ಮಲಗಿದ ಮಕ್ಕಳು ಎದ್ದಾರು ಅಂತ ದಿನಾ ಇಳಿಯುತ್ತಿದ್ದ ಹಾಗೇ ಇಳಿದಳು. ನಡುವೆ ಒಂದು ಕಡೆ ನಿಂತಳು. ಕರೆಯುತ್ತಾರೇನೋ ಅಂತ. ಯಾರೂ ಕರೆಯಲಿಲ್ಲ. ಮತ್ತೆ ಇಳಿದಳು. ಹಜಾರದ ಕಲ್ಲು ನೆಲ ದಾಟಿದಳು. ಅಂಗಳದ ಜಲ್ಲಿಯ ಮೇಲೆ ಅವಳ ಹಿಮ್ಮಡಿ ಒಮ್ಮೆ ಹೊರಳಿತು, ಸಾವರಿಸಿಕೊಂಡಳು. ಆಮೇಲೆ ಹಿಂದೆ ನೋಡಲಿಲ್ಲ.

ಟಿ.ವಿ.ಯಲ್ಲಿ ಹೆಸರುಗಳು ಓಡತೊಡಗಿದಾಗ ತಾತ ಅಂಗೈಯಿಂದ ಕಣ್ಣೊರೆಸಿಕೊಂಡರು. ಆಗ ನೆನಪಾಯಿತು. ಬೆರಳು ತೊಡೆಯ ಮೇಲೇ ಇತ್ತು. ಎತ್ತಿಯೇ ಇರಲಿಲ್ಲ.

ಅಷ್ಟು ದಿನ ಕಾದದ್ದು ಕಣ್ಣ ಮುಂದೆಯೇ ನಡೆದುಹೋಗಿತ್ತು.

ಟೈಲರ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಲ್ಲ ತಾತ, ಮಗನ್ನ ತೋರಿಸ್ತೀನಿ ಅಂದ್ರಿ. ಎಲ್ಲಿ?"

ತಾತ ಎತ್ತದ ಬೆರಳನ್ನು ಮಡಚಿಕೊಂಡರು. ಟೈಲರನ ಹೆಂಡತಿಯೇ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಗಂಡನ ಕಡೆ ತಿರುಗಿದಳು.

"ನೀವು ಮಿಷನ್ ಯಾಕೆ ನಿಲ್ಸಿದ್ರಿ?"

"ನಿಲ್ಸಿದ್ನಾ?" ಟೈಲರ್ ತನ್ನ ಕಾಲನ್ನೇ ನೋಡಿಕೊಂಡ. ಸೂಜಿಯಡಿ ಪ್ಯಾಂಟಿನ ಹೊಲಿಗೆ ಅರ್ಧಕ್ಕೇ ನಿಂತಿತ್ತು.

"ನಾನು ಒಂದು ಸಲವೂ ಟಿ.ವಿ. ಕಡೆ ತಲೆ ಎತ್ತಲಿಲ್ಲ. ನಾಳೆ ಕೊಡಬೇಕಾದ ಶರ್ಟು, ಕಣ್ಣೆಲ್ಲ ಗುಂಡಿ ಮೇಲೇ. ಆದ್ರೂ ಅವಳು ಮೆಟ್ಟಿಲ ಮೇಲೆ ನಿಂತದ್ದು, ಕರೀತಾರೇನೋ ಅಂತ ಕಾದದ್ದು, ಎಲ್ಲಾ ಗೊತ್ತಾಯ್ತು. ಯಾರು ಹೇಳಿದ್ರು ನನಗೆ? ನೀವು ಹೇಳಿದ್ರಾ?"

ಟೈಲರ್ ನಿಂತ ಮಿಷನ್ನನ್ನೂ ಟಿ.ವಿ.ಯನ್ನೂ ನೋಡಿದ. ಅವನ ಮುಖದಲ್ಲಿ ಅರ್ಥವಾಗುತ್ತಾ ಬಂದದ್ದನ್ನು ತಾತ ನೋಡುತ್ತಿದ್ದರು.

"ಅಂದ್ರೆ... ಅತ್ತಿಗೆ ಕಾಲು ನಿಮ್ಮ ಮಗಂದಾ? ಆ ಗಡ್ಡದವನದಾ?"

"ಅವನದೇ ಕಣಯ್ಯ."

"ಹೆಂಗಸಿನ ಚಪ್ಪಲಿ ಹಾಕ್ಕೊಂಡು?"

"ಅವನ ಕಾಲು ಹಿಡಿಸೋ ಹಾಗೆ ಪಟ್ಟಿ ಬಿಚ್ಚಿ ಹೊಲಿದುಕೊಟ್ಟದ್ದು ನಾನು."

"ಅಯ್ಯೋ ನಿಮ್ಮ! ಗಡ್ಡದವನಿಗೋಸ್ಕರ ನನ್ನ ಕಣ್ಣಲ್ಲಿ ನೀರು ತರಿಸಿದ್ರಲ್ಲ ತಾತ." ಟೈಲರ್ ಕೊರಳಿನ ಟೇಪಿನ ತುದಿಯಿಂದಲೇ ಮೂಗೊರೆಸಿಕೊಂಡ. ಹೆಂಡತಿ ಅದನ್ನು ಕಿತ್ತುಕೊಂಡಳು.

ನಗೆ ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ, ಫೋನು ಬಂತು. ಮಗನಿಗೆ ಇವತ್ತು ಅಷ್ಟು ಹೊತ್ತು ಕಾಯಲಾಗಿರಲಿಲ್ಲ.

"ಹೇಳಿ ಅಪ್ಪ. ಏನು ತಪ್ಪಾಯ್ತು?"

"ಗೊತ್ತಿಲ್ಲ ಕಣೋ. ಕೇಳಿಸ್ಕೊಳ್ಳೋದೇ ಮರೆತೆ."

"ಮರೆತ್ರಾ? ಇದೊಂದು ವಾರ?"

"ಅವಳು ಹಾಗೆ ಮನೆ ಬಿಟ್ಟು ಹೋಗ್ತಿದ್ರೆ ನಿನ್ನ ಚಪ್ಪಲಿ ಕೇಳ್ಕೊಂಡು ಕೂತಿರೋಕಾಗುತ್ತೇನೋ? ನೀನು ನನಗೆ ನೆನಪಿಗೇ ಬರಲಿಲ್ಲ."

ಫೋನು ಕೆಟ್ಟಿತೇನೋ ಅಂತ ತಾತ ಅದನ್ನು ತಿರುಗಿಸಿ ನೋಡಿದರು.

"ಇನ್ನೊಂದ್ಸಲ ಹೇಳಿ ಅಪ್ಪ," ಅಂದ ಮಗ. ಅಪ್ಪ ಒಂದೂ ತಪ್ಪು ಹೇಳದ ಮೊದಲ ವಾರ ಅದು.

"ಯಾವುದನ್ನ?"

"ಈಗ ಕೊನೆಗೆ ಹೇಳಿದ್ರಲ್ಲ, ಅದನ್ನ."

ತಾತ ಸ್ಟೂಲಿನಿಂದ ಎದ್ದು ನಿಂತರು. ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗಡಿಗೆಲ್ಲ ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ನೀನು ನನಗೆ ನೆನಪಿಗೇ ಬರಲಿಲ್ಲ ಕಣಪ್ಪ."

ಹೆತ್ತ ಮಗನಿಗೆ ಇಂಥ ಮಾತಾಡಿ ಯಾರಾದರೂ ಇಷ್ಟು ಎದೆಯುಬ್ಬಿಸುತ್ತಾರೆಯೇ ಅಂತ ಟೈಲರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.